ದಾಖಲೆಗೆ ಸಿಗದ ಊರಿನ ಹಿರಿಯರು

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 2023ರ ಜನವರಿ 19ರಂದು ನಡೆದ ಸಮಾರಂಭಕ್ಕೆ ಪ್ರಧಾನಿ ನರೇಂದ್ರ ಮೋದಿ ಬಂದಿದ್ದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಅಲ್ಲಿನ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ಕೊಡುವ ದಿನ ಅದು. ಆ ವಸತಿಗಳಲ್ಲಿ ಹೆಚ್ಚಿನವು ಲಂಬಾಣಿ ತಾಂಡಾಗಳು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಕವಿರಾಜಮಾರ್ಗದ ಹೆಸರಿನೊಂದಿಗೆ ಕನ್ನಡಿಗರು ಹೆಮ್ಮೆಯಿಂದ ನೆನೆಯುವ ನೆಲದಲ್ಲಿ, ತಲೆಮಾರುಗಳಿಂದ ಜನ ಬಾಳಿ ಬದುಕಿದರೂ ಊರೆನಿಸಿಕೊಳ್ಳದ ನೂರಾರು ನೆಲೆಗಳು ಅಂದು ಸರ್ಕಾರದ ಲೆಕ್ಕದಲ್ಲಿ ಊರುಗಳಾದವು.

ಆ ಕಾಗದದ ಬೆಲೆ ತಿಳಿಯಬೇಕಾದರೆ ತಾಂಡಾದಲ್ಲಿ ಅರವತ್ತು, ಎಪ್ಪತ್ತು ದಾಟಿದವರ ಬದುಕನ್ನು ನೋಡಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಈ ತಲೆಮಾರು ಹರೆಯದಲ್ಲಿ ನೆಲಹಾಸಿನ ಪರಸಿ ಕಲ್ಲಿನ ಖಣಿಗಳಲ್ಲಿ ಕಲ್ಲು ಎಬ್ಬಿಸಿದೆ, 1972ರ ಬರಗಾಲದಲ್ಲಿ ಬೊಂಬಾಯಿಯ ರೈಲು ಹತ್ತಿದೆ, ಹೈದರಾಬಾದಿನಲ್ಲಿ ಮಣ್ಣು ಹೊತ್ತಿದೆ, ಪುಣೆಯಲ್ಲಿ ಕಾಂಕ್ರೀಟು ಕಲೆಸಿದೆ. ಹೋದಲ್ಲೆಲ್ಲ ಅವರು ಹೊರಗಿನವರು. ಮರಳಿ ಬಂದ ಮೇಲೂ ಊರ ಹೊರಗಿನವರೇ. ಅವರ ಮನೆ ಯಾವುದೋ ಜಮೀನ್ದಾರರ ಸರ್ವೆ ನಂಬರಿನಲ್ಲೋ, ಗಾಯರಾಣದಲ್ಲೋ, ಅರಣ್ಯದ ಗಡಿಯೊಳಗೋ ನಿಂತಿರುತ್ತಿತ್ತು. ಪಡಿತರ ಚೀಟಿಯಲ್ಲಿ ಅವರ ತಾಂಡಾದ ಹೆಸರಿಲ್ಲ, ಎರಡು ಮೂರು ಕಿಲೋಮೀಟರ್ ಆಚೆಯ ಊರಿನ ಹೆಸರು.

ಬೈಗುಳ, ಹೊಡೆತ, ಬಾಡಿಗೆ ಮನೆ ಕೊಡದಿರುವುದು, ಇವೆಲ್ಲ ಕಣ್ಣಿಗೆ ಕಾಣುವ ಭೇದಭಾವ. ಒಂದು ಸಮುದಾಯದ ನೆಲೆಯನ್ನು ನಕಾಶೆಯಿಂದಲೇ ಬಿಟ್ಟುಬಿಡುವುದು ಅದಕ್ಕಿಂತ ಆಳಕ್ಕಿಳಿದ ಭೇದಭಾವ. ಕಲಬುರಗಿ ಜಿಲ್ಲೆಯ ಪೂರ್ವಭಾಗದ ಲಂಬಾಣಿ ಹಿರಿಯರು ಎರಡನ್ನೂ ಕಂಡವರು. ಅವನ್ನು ಅವರು ತಾಳಿಕೊಂಡ ಬಗೆಯೂ ಅವರದೇ ಆದದ್ದು.

ಈ ಜನ ಒಂದು ಕಾಲಕ್ಕೆ ದೇಶದ ಸರಕು ಸಾಗಣೆಯನ್ನೇ ಹೊತ್ತಿದ್ದರು. ಇಂಗ್ಲಿಷ್ ಪ್ರವಾಸಿ ಪೀಟರ್ ಮುಂಡಿ 1632ರಲ್ಲಿ ಉತ್ತರ ಭಾರತದಲ್ಲಿ ಎದುರಾದ ಒಂದು ತಾಂಡಾದಲ್ಲಿ, ಅಂದರೆ ಎತ್ತಿನ ಸಾಲಿನಲ್ಲಿ, ಧಾನ್ಯ ಹೇರಿದ 14,000 ಎತ್ತುಗಳಿದ್ದವೆಂದು ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಓಡಾಡಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು, ಹನ್ನೆರಡು ಸಾವಿರ ಎತ್ತುಗಳ ಸಾಲು ದಾರಿಗಡ್ಡ ಬಂದರೆ ಗಾಡಿಯವರು ದಿನಗಟ್ಟಲೆ ಕಾಯಬೇಕಾಗುತ್ತಿತ್ತು ಎನ್ನುತ್ತಾನೆ. ಮೊಗಲರ ದಂಡು ದಖ್ಖನಿಗೆ ಇಳಿದಾಗ ದಂಡಿನ ಹೊಟ್ಟೆ ತುಂಬಿಸಿದವರು ಇವರು. ಬಂಗಿ, ಜಂಗಿ ಎಂಬ ನಾಯಕರು ಆಸಫ್ ಖಾನನ ಸೈನ್ಯದ ಜೊತೆ ಲಕ್ಷಗಟ್ಟಲೆ ಎತ್ತು ಹೊಡೆದುಕೊಂಡು ದಖ್ಖನಿಗೆ ಬಂದರೆಂಬ ಕಥನ ಈಗಲೂ ತಾಂಡಾಗಳಲ್ಲಿ ಬದುಕಿದೆ. 1792ರಲ್ಲಿ, ಮತ್ತೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ಇಂಗ್ಲಿಷ್ ಸೈನ್ಯಕ್ಕೂ ಅಕ್ಕಿ ತಂದುಕೊಟ್ಟವರು ಇವರೇ. ಕರಾವಳಿಯ ಉಪ್ಪು ಬಯಲುಸೀಮೆಗೆ, ಬಯಲುಸೀಮೆಯ ಜೋಳ, ಹತ್ತಿ ಕರಾವಳಿಗೆ. ಯುದ್ಧ ನಡೆಯುವಾಗಲೂ ಎರಡೂ ಪಾಳಯದವರು ಅವರ ಎತ್ತಿನ ಸಾಲನ್ನು ಮುಟ್ಟದೆ ಬಿಡುತ್ತಿದ್ದರು, ಏಕೆಂದರೆ ನಾಳೆ ತಮಗೂ ಅನ್ನ ಬೇಕು.

ಆ ಗೌರವ ಮುಗಿದದ್ದು ರೈಲಿನಿಂದ.

ಬೊಂಬಾಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲು ಹಳಿ ಸೊಲ್ಲಾಪುರ, ಗುಲ್ಬರ್ಗಾ, ಶಹಾಬಾದ್, ವಾಡಿ ಹಾದು 1871ರಲ್ಲಿ ರಾಯಚೂರು ಮುಟ್ಟಿತು. ಮೂರು ವರ್ಷಕ್ಕೆ, 1874ರಲ್ಲಿ, ನಿಜಾಮರ ದಿವಾನ ಸಾಲಾರ್ ಜಂಗ್ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಬಿತ್ತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಆ ಹಳಿಯ ಮೇಲಿನ ನಿಲ್ದಾಣಗಳು. ಲಂಬಾಣಿಗಳ ಎತ್ತು ತಿಂಗಳಿಡೀ ನಡೆದು ಸಾಗಿಸುತ್ತಿದ್ದ ಸರಕನ್ನು ರೈಲು ಎರಡು ದಿನದಲ್ಲಿ ಮುಟ್ಟಿಸತೊಡಗಿತು. ಈ ಸೀಮೆಯ ಇತಿಹಾಸದಲ್ಲಿ ವಾಡಿ ಜಂಕ್ಷನ್ ಎಂದರೆ ಉದ್ಯೋಗ, ಕಾರ್ಖಾನೆ, ಪೇಟೆ ಎಂದು ಹೊಗಳುವವರು ಬಹಳ. ಒಂದು ಇಡೀ ಸಮುದಾಯದ ಕಸುಬು ಅದೇ ಹಳಿಯ ಕೆಳಗೆ ಸಿಕ್ಕಿತು ಎನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಕಸುಬು ಹೋದವರು ದನ ಸಾಕಿದರು. ಅರಣ್ಯ ಕಾನೂನು ಬಂದು ಹುಲ್ಲುಗಾವಲು ಮುಚ್ಚಿತು. ಇಪ್ಪೆ ಹೂವಿನ ಸಾರಾಯಿ ಬಸಿದರು. ಅಬಕಾರಿ ಕಾನೂನು ಅದನ್ನು ಅಪರಾಧ ಮಾಡಿತು. ನೆಲೆ ಇಲ್ಲದೆ ಓಡಾಡುವವರನ್ನೆಲ್ಲ ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡುವ ಅಪರಾಧಿ ಬುಡಕಟ್ಟು ಕಾಯ್ದೆಯನ್ನು ಬ್ರಿಟಿಷರು ತಂದದ್ದು 1871ರಲ್ಲಿ, ರೈಲು ರಾಯಚೂರು ಮುಟ್ಟಿದ ವರ್ಷವೇ. ನಿಜಾಮರ ಆಡಳಿತವೂ ಅದೇ ಹಾದಿ ಹಿಡಿಯಿತು. ಹೈದರಾಬಾದಿನ ಇತಿಹಾಸಕಾರ ಭಾಂಗ್ಯಾ ಭುಕ್ಯಾ 2010ರಲ್ಲಿ ಪ್ರಕಟಿಸಿದ ‘ಸಬ್‌ಜುಗೇಟೆಡ್ ನೊಮ್ಯಾಡ್ಸ್’ ಗ್ರಂಥ ನಿಜಾಮರ ಕಾಲದ ಲಂಬಾಣಿಗಳ ಈ ಇಳಿಜಾರನ್ನು ದಾಖಲೆಗಳ ಸಮೇತ ತೋರಿಸುತ್ತದೆ: ವ್ಯಾಪಾರಿಗಳು ದನಗಾಹಿಗಳಾದರು, ದನಗಾಹಿಗಳು ಅಪರಾಧಿಗಳೆನಿಸಿಕೊಂಡರು, ಕೊನೆಗೆ ಕೂಲಿಗಳಾದರು. ಭುಕ್ಯಾ ಅದೇ ಸಮುದಾಯದಲ್ಲಿ ಹುಟ್ಟಿದವರು.

ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ದೇಶದ ಅಲೆಮಾರಿ ಸಮುದಾಯಗಳು ಇಂದಿಗೂ ಆ ದಿನವನ್ನು ವಿಮುಕ್ತಿ ದಿನವಾಗಿ ಆಚರಿಸುತ್ತವೆ. ಆದರೆ ಕಾನೂನು ಹೋದರೂ ಅದು ಕಲಿಸಿದ ಕಣ್ಣು ಹೋಗಲಿಲ್ಲ. ಊರಲ್ಲಿ ಎಮ್ಮೆ ಕಳುವಾದರೆ ಪೊಲೀಸರ ಲಾಠಿ ಮೊದಲು ತಾಂಡಾದ ದಾರಿ ಹಿಡಿಯುತ್ತಿತ್ತು. ಕಳ್ಳಭಟ್ಟಿ ಎಂದೊಡನೆ ತಾಂಡಾದ ಹೆಸರು ಬಾಯಿಗೆ ಬರುತ್ತಿತ್ತು. ಈಗಿನ ಹಿರಿಯರು ಕೂಸುಗಳಾಗಿದ್ದಾಗ ಖಾಕಿ ಕಂಡರೆ ಹೊಲಕ್ಕೆ ಓಡುವುದನ್ನು ಅವ್ವ ಅಪ್ಪನಿಂದಲೇ ಕಲಿತರು. ಇಲ್ಲಿ ಒಂದು ಮಾತನ್ನು ಸೇರಿಸದೆ ಹೋದರೆ ಅನ್ಯಾಯವಾದೀತು. ಇದೇ ಊರುಗಳ ದಲಿತ ಕೇರಿಗಳು ಉಂಡ ಅಸ್ಪೃಶ್ಯತೆಯ ನೋವು ಬೇರೆ, ಇನ್ನೂ ಕ್ರೂರ. ಬಾವಿ, ಗುಡಿ, ಹೋಟೆಲಿನ ಬಾಗಿಲಲ್ಲಿ ಅವರಿಗಾದದ್ದು ಲಂಬಾಣಿಗಳಿಗೆ ಅದೇ ಪ್ರಮಾಣದಲ್ಲಿ ಆಗಲಿಲ್ಲ. ಲಂಬಾಣಿಗಳ ಮೇಲಿದ್ದದ್ದು ಅನುಮಾನದ ಹೊರೆ.

ಶಹಾಬಾದ್ ಹೆಸರು ಮಹಾರಾಷ್ಟ್ರದ ಮನೆಮನೆಗೂ ಗೊತ್ತು. ‘ಶಹಾಬಾದಿ ಫರ್ಶಿ’ ಎಂದರೆ ಅಲ್ಲಿ ನೆಲಕ್ಕೆ ಹಾಸುವ ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂನಿಂದ ತಾಂಡೂರಿನವರೆಗೆ ಭೂಮಿಯೊಳಗೆ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ಮೇಲಿನ ಕರಿಮಣ್ಣು ಸರಿಸಿ, ಪದರ ಕಂಡಲ್ಲಿ ಚಾಣದಿಂದ ಗೆರೆ ಕೊರೆದು, ಗೆರೆಯುದ್ದಕ್ಕೂ ಸಮವಾಗಿ ಸುತ್ತಿಗೆ ಬಡಿದು, ಸಂದಿಗೆ ಹಾರೆ ಕೊಟ್ಟು ಎಬ್ಬಿಸಿದರೆ ಕಲ್ಲು ಹಲಗೆಯಂತೆ ಏಳುತ್ತದೆ. ಪೆಟ್ಟು ಕೊಂಚ ಅತ್ತಿತ್ತಾದರೆ ಹಾಸು ಒಡೆದು ಆ ದಿನದ ಕೂಲಿ ಕೈಬಿಟ್ಟಂತೆ. ಗಂಡಸರು ಎಬ್ಬಿಸಿದ್ದನ್ನು ಹೆಂಗಸರು ತಲೆಯ ಮೇಲೆ ಹೊತ್ತು ಖಣಿಯಿಂದ ಮೇಲೇರಬೇಕು. ಬಿಸಿಲಿಗೆ ಕಲ್ಲು ಕಣ್ಣು ಕುಕ್ಕುತ್ತದೆ, ಧೂಳು ಎದೆಗೂಡಿಗೆ ಇಳಿಯುತ್ತದೆ. ಈ ಸೀಮೆಯ ಬಡವರ ಮನೆಗಳಿಗೆ ಗೋಡೆಯೂ ಅದೇ ಕಲ್ಲು, ಮಾಳಿಗೆಯೂ ಅದೇ ಕಲ್ಲು. ಖಣಿಗಳಲ್ಲಿ ಲಂಬಾಣಿಗಳ ಜೊತೆ ವಡ್ಡರು, ದಲಿತರು, ಬಡ ಮುಸ್ಲಿಮರೂ ದುಡಿದರು. ಅದೇ ಸುಣ್ಣಕಲ್ಲನ್ನು ನಂಬಿ ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಿಮೆಂಟ್ ಕಾರ್ಖಾನೆ ಬಂತು. 1960ರ ದಶಕದ ಕೊನೆಗೆ ವಾಡಿಯಲ್ಲಿ ಎಸಿಸಿ, ಆಮೇಲೆ ಮಳಖೇಡ, ಸೇಡಂನಲ್ಲಿ ಇನ್ನೂ ದೊಡ್ಡ ಕಾರ್ಖಾನೆಗಳು. ಓದು ಬಾರದ ತಾಂಡಾದ ಮೊದಲ ತಲೆಮಾರಿಗೆ ಕಾಯಂ ನೌಕರಿ ಸಿಕ್ಕಿದ್ದು ಅಪರೂಪ. ಅವರ ಪಾಲಿಗೆ ಬಂದದ್ದು ಗುತ್ತಿಗೆ ಕೂಲಿ, ಲೋಡಿಂಗು, ಮಣ್ಣು ಕೆಲಸ.

ಅಷ್ಟರಲ್ಲಿ ಬರ ಬಂತು. 1971ರಿಂದ 73ರವರೆಗೆ ದಖ್ಖನ್ ಒಣಗಿತು. ಈ ಭಾಗದ ಹಿರಿಯರು ತಮ್ಮ ಮದುವೆ, ಮಕ್ಕಳ ಹುಟ್ಟು ಎಲ್ಲವನ್ನೂ ‘ಬರದ ಹಿಂದೆ’, ‘ಬರದ ಮುಂದೆ’ ಎಂದು ಎಣಿಸುವಷ್ಟು ಆಳದ ಗುರುತು ಅದು. ಜನ ಗುಳೆ ಹೊರಟರು. ವಾಡಿಯಿಂದ, ಶಹಾಬಾದಿನಿಂದ ಬೊಂಬಾಯಿಗೆ ನೇರ ರೈಲು. ಕಲ್ಲು ಹೋದ ಹಳಿಯ ಮೇಲೆಯೇ ಕಲ್ಲು ಒಡೆದವರೂ ಹೋದರು. ಆ ಹೊತ್ತಿಗೆ ಬೊಂಬಾಯಿಯ ತೆಂಕಣ ತುದಿಯಲ್ಲಿ ಸಮುದ್ರ ಮುಚ್ಚಿ ಗಗನಚುಂಬಿಗಳನ್ನು ಕಟ್ಟುವ ಕೆಲಸ ಜೋರಾಗಿತ್ತು. ಕಫ್ ಪರೇಡ್, ಕೊಲಾಬಾದ ದುಬಾರಿ ಕಟ್ಟಡಗಳ ಬುಡದಲ್ಲಿ ಸಮುದ್ರದ ಅಂಚಿಗೆ ಅಂಟಿಕೊಂಡ ಜೋಪಡಿಗಳಲ್ಲಿ ಗುಲ್ಬರ್ಗಾ, ಸೊಲ್ಲಾಪುರ ಕಡೆಯ ಲಂಬಾಣಿಗಳು ನೆಲೆಯೂರಿದರು. ಬೆಳಗಿನ ಜಾವ ಕೂಲಿಗೆ ಜನ ಸೇರುವ ನಾಕಾದಲ್ಲಿ ನಿಲ್ಲುವುದು, ಕೂಲಿ ಕರೆಯುವ ಮುಕಾದಮನ ಕಣ್ಣಿಗೆ ಬೀಳುವುದು, ಅವನು ಹೇಳಿದ ಕೂಲಿಗೆ ತಲೆಯಾಡಿಸುವುದು. ಮಳೆಗಾಲಕ್ಕೆ ಊರಿಗೆ ಬಂದು ಜೋಳ, ತೊಗರಿ ಬಿತ್ತಿ, ಸುಗ್ಗಿ ಮುಗಿದ ಮೇಲೆ ಮತ್ತೆ ರೈಲು. ‘ದುಡಿಲಾಕ ಹೋಗ್ಯಾರ’ ಎಂಬ ಎರಡು ಮಾತಿನಲ್ಲಿ ಊರಿನವರು ಈ ಇಡೀ ಬದುಕನ್ನು ಹೇಳಿ ಮುಗಿಸುತ್ತಾರೆ.

ಅವರು ಹೋಗಿ ಇಳಿದ ಬೊಂಬಾಯಿ ಹೊರಗಿನವರ ಮೇಲೆ ಹಲ್ಲು ಮಸೆಯುತ್ತಿದ್ದ ಬೊಂಬಾಯಿ. ಬಾಳ ಠಾಕ್ರೆ 1960ರಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ತೆಗೆದರು. ದಕ್ಷಿಣದವರು ಮರಾಠಿಗರ ಕೆಲಸ ಕಸಿದುಕೊಂಡರೆಂದು ಅದರಲ್ಲಿ ಪಟ್ಟಿಗಳೇ ಅಚ್ಚಾದವು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದು, ಲುಂಗಿಯವರನ್ನು ಓಡಿಸಿ ಎಂಬ ಕೂಗು ಎದ್ದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಪತ್ರಿಕೆಗಳು ಬರೆದವು, ಕನ್ನಡ ಸಂಘಗಳು ಖಂಡಿಸಿದವು. ಹೋಟೆಲಿನ ಮಾಲೀಕನಿಗೆ ಸಂಘವಿತ್ತು, ಗುಮಾಸ್ತನಿಗೆ ಯೂನಿಯನ್ ಇತ್ತು. ನಾಕಾದಲ್ಲಿ ನಿಂತ ಚಿಂಚೋಳಿಯ ಲಂಬಾಣಿ ದಂಪತಿಗೆ ಏನಿತ್ತು? ಅವರು ಕರ್ನಾಟಕದವರು, ಆದರೆ ಮನೆಮಾತು ಕನ್ನಡವಲ್ಲ. ಆಡುವ ಗೋರಬೋಲಿ ರಾಜಸ್ಥಾನದ ನುಡಿಗಳಿಗೆ ಹತ್ತಿರ. ಮರಾಠಿಗರಿಗೆ ಅವರು ಕನ್ನಡದವರು, ಕನ್ನಡ ಸಂಘಗಳ ಕಣ್ಣಿಗೆ ಬೀಳದವರು, ಪಾಲಿಕೆಯವರಿಗೆ ಒತ್ತುವರಿದಾರರು. ಬೊಂಬಾಯಿ ಕನ್ನಡಿಗರ ಚರಿತ್ರೆ ಬರೆದವರು ಹೋಟೆಲು, ಬ್ಯಾಂಕು, ರಾತ್ರಿಶಾಲೆ, ನಾಟಕ ಇವುಗಳ ಬಗ್ಗೆ ಪ್ರೀತಿಯಿಂದ ಬರೆದಿದ್ದಾರೆ. ಅದೇ ನಗರದ ಇಟ್ಟಿಗೆ ಹೊತ್ತ ಗುಲ್ಬರ್ಗಾದವರಿಗೆ ಆ ಚರಿತ್ರೆಯಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಇದು ಕನ್ನಡಿಗರೇ ತುಂಬಿಕೊಡಬೇಕಾದ ಕೊರತೆ.

ಗೋವಾದಲ್ಲಿ ಕಥೆ ಇನ್ನೂ ಬಿರುಸು. ಘಟ್ಟ ಇಳಿದು ಬಂದವರಿಗೆಲ್ಲ ಅಲ್ಲಿ ‘ಘಾಟಿ’ ಎಂಬ ಹೀಯಾಳಿಕೆ. ಕಡಲ ದಂಡೆಯಲ್ಲಿ ಮಣಿಸರ, ಕಸೂತಿ ಮಾರುವ ಲಂಬಾಣಿ ಹೆಂಗಸರನ್ನು ಪೊಲೀಸರು ಅಟ್ಟುವುದು ಪ್ರವಾಸದ ಹಂಗಾಮಿನ ನಿತ್ಯದ ನೋಟ. ವಾಸ್ಕೋದ ಬೈನಾದಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಉತ್ತರ ಕರ್ನಾಟಕದವರ ಮನೆಗಳು ಜೆಸಿಬಿಗೆ ಸಿಕ್ಕವು. ಅಲ್ಲಿ ನೆಲೆಸಿದವರು ಹೆಚ್ಚಾಗಿ ಕಲಬುರಗಿಗಿಂತ ಪಡುವಣದ ಜಿಲ್ಲೆಗಳವರು. ಆದರೂ ಒಂದು ತಾಂಡಾದ ಬಿಸಿ ಇನ್ನೊಂದು ತಾಂಡಾಕ್ಕೆ ಮುಟ್ಟಲು ಬಹಳ ದಿನ ಬೇಕಿಲ್ಲ.

ಹೀಗೆ ಕಂಡ ಕಂಡಲ್ಲಿ ಪರಕೀಯರಾದವರು ಏನು ಮಾಡಿದರು?

ಮೊದಲನೆಯದಾಗಿ, ಬಟ್ಟೆ ಬದಲಿಸಿದರು. ಲಂಬಾಣಿ ಹೆಣ್ಣಿನ ಉಡುಪು ದೂರದಿಂದಲೇ ಗುರುತು ಹೇಳುತ್ತದೆ. ಕನ್ನಡಿ ಚೂರುಗಳನ್ನು ಕೂರಿಸಿ ಹೊಲಿದ, ಬೆನ್ನ ಹಿಂದೆ ದಾರ ಕಟ್ಟುವ ಕಾಂಚಳಿ. ಗೇರುಗೇರಾಗಿ ನೆರಿಗೆ ಬೀಳುವ ಫೇಟಿಯಾ. ತಲೆಯ ಮೇಲಿಂದ ಇಳಿಬಿಟ್ಟ ಛಾಟಿಯಾ. ಮದುವೆಯಾದವಳ ಕೆನ್ನೆಯ ಪಕ್ಕ ತೂಗುವ ಬೆಳ್ಳಿಯ ಘೂಗ್ರಿ. ಮೊಣಕೈಯಿಂದ ಮೇಲಕ್ಕೆ ಸಾಲಾಗಿ ಏರಿಸಿದ ಬಿಳಿಯ ಬಳಿಯಾ. ಒಂದು ಕಾಂಚಳಿ ಹೊಲಿಯಲು ಬಿಡುವಿನ ಹೊತ್ತುಗಳನ್ನೆಲ್ಲ ಕೂಡಿಸಿ ತಿಂಗಳುಗಳೇ ಬೇಕು. ಬೊಂಬಾಯಿಯ ಕೆಲಸದ ತಾಣದಲ್ಲಿ ಇದೇ ಉಡುಪು ‘ಇವಳು ಹೊರಗಿನವಳು’ ಎಂಬ ಫಲಕವಾಯಿತು. ಸೀರೆ ಉಟ್ಟರೆ ಗುಂಪಿನಲ್ಲಿ ಕರಗಬಹುದು. ಎಷ್ಟೋ ತಾಯಂದಿರು ಕಾಂಚಳಿಯನ್ನು ಮಡಚಿ ಟ್ರಂಕಿಗೆ ಹಾಕಿದರು. ಸೊಸೆಯಂದಿರು ಅದನ್ನು ಉಡಲೇ ಇಲ್ಲ. ಇಂದು ತಾಂಡಾದಲ್ಲಿ ಪೂರ್ತಿ ಉಡುಪಿನಲ್ಲಿ ಕಾಣುವವರು ಬಹುತೇಕ ಅಜ್ಜಿಯಂದಿರು. ಅದೇ ಕಸೂತಿಗೆ ಸಂಡೂರಿನ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಗಣ್ಯರ ಸ್ವಾಗತಕ್ಕೆ, ಮೆರವಣಿಗೆಯ ಸ್ತಬ್ಧಚಿತ್ರಗಳಿಗೆ ಲಂಬಾಣಿ ಉಡುಪೇ ಬೇಕು. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಬಟ್ಟೆಯನ್ನು ಬಸ್ಸಿನಲ್ಲಿ ಉಟ್ಟುಕೊಂಡು ಕೂತ ಅಜ್ಜಿಯ ಪಕ್ಕದ ಸೀಟು ಖಾಲಿ ಉಳಿಯುವಷ್ಟು ದಿನ ಆ ಚಪ್ಪಾಳೆಗೆ ಅರ್ಥವಿಲ್ಲ.

ಎರಡನೆಯದು, ಒಟ್ಟಾಗಿ ಇರುವುದು. ಒಂದು ತಾಂಡಾದವರು ನಗರದಲ್ಲೂ ಒಂದೇ ಗಲ್ಲಿಯಲ್ಲಿ ಗುಡಿಸಲು ಹಾಕಿದರು. ಜಗಳ, ಸಾಲ, ಮದುವೆ, ಗಂಡ ಹೆಂಡಿರ ವ್ಯಾಜ್ಯ ಏನೇ ಇದ್ದರೂ ಠಾಣೆಗೆ ಹೋಗದೆ ನಾಯಕ, ಕಾರಭಾರಿ, ಹಿರಿಯರು ಕೂತು ನಸಾಬ್ ಎಂಬ ಪಂಚಾಯಿತಿ ನಡೆಸಿ ತೀರಿಸುವುದು ಹಳೆಯ ಪದ್ಧತಿ. ನ್ಯಾಯ ಕೇಳಲು ಹೋದವನನ್ನೇ ಕಳ್ಳನೆಂದು ಕೂರಿಸಿಕೊಳ್ಳುವ ಠಾಣೆಗಿಂತ ನಾಯಕನ ಕಟ್ಟೆ ಅವರಿಗೆ ಭದ್ರವಾಗಿ ಕಂಡಿತು. ಈ ಪದ್ಧತಿಯಲ್ಲಿ ದೋಷಗಳಿಲ್ಲವೆಂದಲ್ಲ. ದಂಡ ಹೇರುವಾಗ ಹೆಣ್ಣಿನ ಮಾತಿಗೆ ಗಂಡಿನ ಮಾತಿನಷ್ಟು ತೂಕ ಸಿಕ್ಕದ್ದು ಕಡಿಮೆ. ಆದರೂ ಹೊರಗಿನ ಲೋಕ ಬಾಗಿಲು ಹಾಕಿದಾಗ ಒಳಗೆ ಒಂದು ವ್ಯವಸ್ಥೆ ಉಳಿದಿತ್ತೆಂದರೆ ಅದು ಇದೇ.

ಮೂರನೆಯದು ಹಬ್ಬ. ಹೋಳಿಗೆ, ದೀಪಾವಳಿಗೆ ಊರಿಗೆ ಬರುವುದೆಂದರೆ ಬರಲೇಬೇಕು. ಹೋಳಿಯಲ್ಲಿ ಗಂಡಸರು ಹೆಂಗಸರು ಎದುರುಬದುರು ನಿಂತು ಲೆಂಗಿ ಹಾಡುತ್ತಾರೆ, ಆ ವರ್ಷ ಹುಟ್ಟಿದ ಗಂಡುಮಗುವಿಗೆ ಧೂಂಡ್ ಎಂಬ ಆಚರಣೆ ಮಾಡುತ್ತಾರೆ. ಶ್ರಾವಣದ ತೀಜ್‌ನಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸುತ್ತಾರೆ. ಫೆಬ್ರವರಿ 15ರ ಸಂತ ಸೇವಾಲಾಲ್ ಜಯಂತಿ ಈಗ ಎಲ್ಲ ತಾಂಡಾಗಳಲ್ಲೂ ದೊಡ್ಡದು. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪಕ್ಕೆ, ಮಹಾರಾಷ್ಟ್ರದ ಪೊಹರಾದೇವಿಗೆ ಲಾರಿ, ಟೆಂಪೋಗಳಲ್ಲಿ ಜನ ಹೋಗುತ್ತಾರೆ. ತಿಂಗಳುಗಟ್ಟಲೆ ಯಾರದೋ ಕಟ್ಟಡದಲ್ಲಿ ಹೆಸರಿಲ್ಲದೆ ದುಡಿದವರು ಆ ದಿನಗಳಲ್ಲಿ ತಂದೆಯ, ತಾತನ, ನಾಯಕನ ಹೆಸರಿನಿಂದ ಕರೆಸಿಕೊಳ್ಳುತ್ತಾರೆ.

ಅಳುವುದಕ್ಕೂ ಅವರಲ್ಲಿ ಒಂದು ಕ್ರಮವಿದೆ. ಬಹಳ ದಿನಕ್ಕೆ ಸಿಕ್ಕ ಅಕ್ಕ ತಂಗಿಯರು, ತಾಯಿ ಮಗಳು ಮಾತಿಗೆ ಮೊದಲು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ರಾಗವಾಗಿ ಅಳುತ್ತಾರೆ. ಸತ್ತವರ ಸುದ್ದಿ, ಬಿದ್ದ ಪೆಟ್ಟು, ಸೊಸೆಯ ಕಾಟ, ಮುಕಾದಮನ ಮೋಸ ಎಲ್ಲವೂ ಆ ಹಾಡಿನಲ್ಲಿ ಸಾಲಾಗಿ ಬರುತ್ತವೆ. ಸುತ್ತ ನಿಂತವರು ತಡೆಯುವುದಿಲ್ಲ. ಒಂದಷ್ಟು ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದು ಒಲೆ ಹಚ್ಚುತ್ತಾರೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಇದನ್ನು ಕಂಡ ಬೇರೆಯವರಿಗೆ ವಿಚಿತ್ರವೆನಿಸಬಹುದು. ಸಹಿಸಿದ್ದನ್ನು ಬಾಯಿಬಿಟ್ಟು ಹೇಳಿ ಹಗುರಾಗಲು ಸಮುದಾಯವೇ ಕಟ್ಟಿಕೊಟ್ಟ ಜಾಗ ಅದು. ಗಂಡಸರಿಗೆ ಅಂಥ ಜಾಗ ಇಲ್ಲ. ಅವರಲ್ಲಿ ಹಲವರು ಸಾರಾಯಿಗೆ ಬಿದ್ದು ಹಾಳಾದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ವಲಸೆ ಹೋಗಿ ಮುದುಕರಾದವರು ಜಗತ್ತಿನ ಬೇರೆಡೆಯೂ ಇದೇ ಹಾದಿ ತುಳಿದಿದ್ದಾರೆ. 1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಹೋದ ಕೊರಿಯನ್ನರು ಲಾಸ್ ಏಂಜಲೀಸಿನಂಥ ನಗರಗಳಲ್ಲಿ ಸಣ್ಣ ಅಂಗಡಿ ಇಟ್ಟು ಬದುಕು ಕಟ್ಟಿದರು. 1992ರ ಏಪ್ರಿಲ್ 29ರಂದು ಅಲ್ಲಿ ಗಲಭೆ ಹೊತ್ತಿಕೊಂಡಾಗ 2,000ಕ್ಕೂ ಹೆಚ್ಚು ಕೊರಿಯನ್ ಅಂಗಡಿಗಳು ಹಾನಿಗೊಳಗಾದವು. 2021ರ ಮಾರ್ಚ್ 16ರಂದು ಅಟ್ಲಾಂಟಾದಲ್ಲಿ ಗುಂಡಿಗೆ ಬಲಿಯಾದ ಎಂಟು ಜನರಲ್ಲಿ ಆರು ಏಷ್ಯನ್ ಮಹಿಳೆಯರು, ಅವರಲ್ಲಿ ನಾಲ್ವರು ಕೊರಿಯನ್ ಮೂಲದವರು. ಆ ಸಮುದಾಯದ ಹಿರಿಯರು ಚರ್ಚಿನಲ್ಲಿ, ತಮ್ಮ ಭಾಷೆ ಆಡುವ ನೆರೆಯವರಲ್ಲಿ ಆಸರೆ ಕಂಡರು. ಬೀದಿಯಲ್ಲಿ ಆದ ಅವಮಾನವನ್ನು ಮಕ್ಕಳಿಗೆ ಹೇಳದೆ ನುಂಗಿಕೊಂಡವರು ಅಲ್ಲೂ ಕಡಿಮೆಯಿಲ್ಲ. ನುಂಗಿದ ಸಿಟ್ಟು ಮೈಯ ಕಾಯಿಲೆಯಾಗುವುದನ್ನು ಕೊರಿಯನ್ನರು ‘ಹ್ವಾಬ್ಯುಂಗ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಅದನ್ನು ಉಲ್ಲೇಖಿಸಿತು. ಎದೆ ಉರಿ, ಉಸಿರು ಕಟ್ಟಿದ ಅನುಭವ, ನಿದ್ದೆಗೇಡು ಅದರ ಲಕ್ಷಣಗಳು. ಎದೆ ಉರಿಯುತ್ತದೆ, ನಿದ್ದೆ ಹತ್ತುವುದಿಲ್ಲ ಎಂದು ಆರೋಗ್ಯ ಕೇಂದ್ರಕ್ಕೆ ಬರುವ ತಾಂಡಾದ ಅಜ್ಜ ಅಜ್ಜಿಯರಿಗೆ ಒಂದು ಗುಳಿಗೆ ಕೊಟ್ಟು ಕಳಿಸುವ ಮುನ್ನ ಅವರು ಎಲ್ಲೆಲ್ಲಿ ದುಡಿದರು, ಏನೇನು ಕಂಡರು ಎಂದು ಕೇಳುವ ವೈದ್ಯರು ಬೇಕು.

ಕೊರಿಯನ್ ಹಿರಿಯರಿಗಿಲ್ಲದ ಒಂದು ತೊಡಕು ಲಂಬಾಣಿಗಳಿಗಿದೆ, ಅದು ಕಾನೂನಿನದು. 1956ರವರೆಗೆ ಹೈದರಾಬಾದ್ ರಾಜ್ಯ ಒಂದೇ ಆಗಿತ್ತು. ಆ ವರ್ಷದ ನವೆಂಬರ್ 1ರಂದು ಗುಲ್ಬರ್ಗಾ ಮೈಸೂರಿಗೆ, ಮರಾಠವಾಡಾ ಬೊಂಬಾಯಿಗೆ, ತೆಲಂಗಾಣ ಆಂಧ್ರಕ್ಕೆ ಹೋದವು. ಒಂದೇ ಗೋತ್ರದ ಅಣ್ಣತಮ್ಮಂದಿರು ಮೂರು ರಾಜ್ಯಗಳಿಗೆ ಹಂಚಿಹೋದರು. ಇಂದು ಅವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಚಿಂಚೋಳಿಯ ಗಡಿ ದಾಟಿ ತೆಲಂಗಾಣದ ತಾಂಡೂರು, ಜಹೀರಾಬಾದಿಗೆ ಕಾಲಿಟ್ಟರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಗಡಿಯಾಚೆಗೆ ಮಗಳನ್ನು ಕೊಟ್ಟ ತಂದೆಗೆ ಒಂದು ಪ್ರಮಾಣಪತ್ರ, ಅಳಿಯನಿಗೆ ಇನ್ನೊಂದು. ಪರಿಶಿಷ್ಟ ಸ್ಥಾನಮಾನ ರಾಜ್ಯದಿಂದ ರಾಜ್ಯಕ್ಕೆ ಜೊತೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಅಂದರೆ ಬೊಂಬಾಯಿಯ ಜೋಪಡಿಯಲ್ಲಿ ಮೂವತ್ತು ವರ್ಷ ಬಾಳಿದರೂ ಶಾಲೆ, ನೌಕರಿ, ಮನೆ ಹಂಚಿಕೆಯ ಮೀಸಲು ಚಿತ್ತಾಪುರದಲ್ಲೇ ಉಳಿಯುತ್ತದೆ. ಜಾತಿನಿಂದನೆಗೆ ಸಿಕ್ಕಿದರೆ? ಅದಕ್ಕೆ ಉತ್ತರ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹುಟ್ಟಿದ ರಾಜ್ಯಕ್ಕೆ ಸೀಮಿತವಲ್ಲ, ದೇಶದಲ್ಲಿ ಎಲ್ಲಿದ್ದರೂ ಅನ್ವಯಿಸುತ್ತದೆ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ ತೀರ್ಪು ಕೊಟ್ಟಿತು. 1972ರಲ್ಲಿ ರೈಲು ಹತ್ತಿದ ಇಪ್ಪತ್ತರ ಹುಡುಗನಿಗೆ ಆ ಹೊತ್ತಿಗೆ ಎಪ್ಪತ್ತು ದಾಟಿತ್ತು.

ತೀರ್ಪಿಗೆ ಮೂರು ವರ್ಷ ಮೊದಲು, 2020ರ ಬೇಸಿಗೆಯಲ್ಲಿ, ಊರಿನವರೇ ಈ ವಲಸಿಗರಿಗೆ ಬಾಗಿಲು ಹಾಕಿದ್ದನ್ನೂ ಮರೆಯಬಾರದು. ದೇಶದ ಮೊದಲ ಕೋವಿಡ್ ಸಾವು ಮಾರ್ಚ್ 10ರಂದು ಕಲಬುರಗಿಯಲ್ಲಾಗಿತ್ತು, ಜಿಲ್ಲೆ ಮೊದಲೇ ಬೆದರಿತ್ತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದ ಕೂಲಿಕಾರರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನ್ ಮಾಡಿದರು. ‘ಬೊಂಬಾಯಿಯವರು ರೋಗ ತಂದರು’ ಎಂಬ ಮಾತು ಊರೂರಲ್ಲಿ ಹಬ್ಬಿತು. ಬೊಂಬಾಯಿಯಲ್ಲಿ ಕರ್ನಾಟಕದವರೆನಿಸಿಕೊಂಡವರು ಕರ್ನಾಟಕದಲ್ಲಿ ಬೊಂಬಾಯಿಯವರಾದರು. ತಾಂಡಾದಲ್ಲಿ ಮೊಮ್ಮಕ್ಕಳನ್ನು ಸಾಕುತ್ತಾ ಕೂತಿದ್ದ ಮುದುಕರು ಶಾಲೆಯ ಕಾಂಪೌಂಡಿನ ಆಚೆ ನಿಂತು ಒಳಗಿದ್ದ ಮಗ ಸೊಸೆಯರಿಗೆ ರೊಟ್ಟಿ ಕೊಡಬೇಕಾಯಿತು.

ಈ ನಡುವೆ ಬದಲಾವಣೆಗಳೂ ಆಗಿವೆ. 1976ರ ತಿದ್ದುಪಡಿ ಕಾಯ್ದೆಯಿಂದ ಹೈದರಾಬಾದ್ ಕರ್ನಾಟಕದ ಲಂಬಾಣಿಗಳೂ ಪರಿಶಿಷ್ಟರ ಪಟ್ಟಿಗೆ ಬಂದ ಮೇಲೆ ತಾಂಡಾದ ಮಕ್ಕಳು ಹಾಸ್ಟೆಲು ಸೇರಿದರು, ಮೇಷ್ಟರಾದರು, ಪೊಲೀಸರಾದರು. ತಾಂಡಾ ಅಭಿವೃದ್ಧಿ ನಿಗಮ ಬಂತು. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಕ್ಷೇತ್ರವಾಗಿದ್ದ ಚಿಂಚೋಳಿಯಿಂದ 2013ರಲ್ಲಿ ಲಂಬಾಣಿ ಸಮುದಾಯದ ವೈದ್ಯ ಡಾ. ಉಮೇಶ ಜಾಧವ್ ಶಾಸಕರಾದರು. 2019ರಲ್ಲಿ ಅವರು ಗುಲ್ಬರ್ಗಾ ಕ್ಷೇತ್ರದಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನು ಸೋಲಿಸಿ ಲೋಕಸಭೆಗೆ ಆಯ್ಕೆಯಾದದ್ದು ದೇಶದ ಸುದ್ದಿ. ಇಷ್ಟಾದರೂ ಹಿರಿಯರ ಪಾಲಿನ ತೊಂದರೆ ಮುಗಿದಿಲ್ಲ. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿ ಧಾಮವಾಯಿತು. ಅದರ ಒಳಗೂ ಅಂಚಿಗೂ ಇರುವ ತಾಂಡಾಗಳಿಗೆ ದನ ಮೇಯಿಸುವುದರಿಂದ ಹಿಡಿದು ಮನೆ ಕಟ್ಟುವುದರವರೆಗೆ ಕಟ್ಟುಪಾಡು. ಕಂದಾಯ ಗ್ರಾಮದ ಹಕ್ಕುಪತ್ರ ಸಿಕ್ಕವರಿಗೂ ವೃದ್ಧಾಪ್ಯ ವೇತನದ ಅರ್ಜಿಗೆ ವಯಸ್ಸಿನ ದಾಖಲೆ ಬೇಕು. ಬರದ ಹಿಂದೆ, ಮುಂದೆ ಎಂದು ಹುಟ್ಟನ್ನು ಎಣಿಸಿದವರ ಬಳಿ ಅದು ಎಲ್ಲಿಂದ ಬರಬೇಕು?

ಆಡಳಿತ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಹೊಸ ಕಂದಾಯ ಗ್ರಾಮಗಳಿಗೆ ಗ್ರಾಮ ಆಡಳಿತಾಧಿಕಾರಿಗಳು ವಾರಕ್ಕೊಮ್ಮೆಯಾದರೂ ಹೋಗಿ, ಮುದುಕರ ಅರ್ಜಿಗಳನ್ನು ತಾಂಡಾದ ಕಟ್ಟೆಯಲ್ಲೇ ಬರೆಸಿಕೊಳ್ಳಬೇಕು. ಮೂರು ರಾಜ್ಯಗಳ ಪ್ರಮಾಣಪತ್ರದ ಗೋಜಲನ್ನು ಬಿಡಿಸಲು ಮೂರೂ ಸರ್ಕಾರಗಳು ಒಟ್ಟಿಗೆ ಕೂರಬೇಕು. ಓದುಗರು ಮಾಡಬಹುದಾದದ್ದೂ ಒಂದಿದೆ. ಬರದ ಕಾಲದಲ್ಲಿ ಬೊಂಬಾಯಿ ರೈಲು ಹತ್ತಿದ ತಲೆಮಾರು ಈಗ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಅವರ ಗೋರಬೋಲಿಗೆ ಸ್ವಂತ ಲಿಪಿಯಿಲ್ಲ, ಅವರಲ್ಲಿ ಬಹಳ ಮಂದಿಗೆ ಅಕ್ಷರ ಬಾರದು. ಅವರು ಹೋದರೆ ಅವರು ಕಂಡ ಇತಿಹಾಸವೂ ಹೋಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ವಿಶ್ವವಿದ್ಯಾಲಯ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಹತ್ತಿರದ ಒಂದೊಂದು ತಾಂಡಾಕ್ಕೆ ಹೋಗಿ, ಅವರ ಮಾತನ್ನು ಗೋರಬೋಲಿಯಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಬರೆದಿಡಲಿ. ತಾಂಡಾದಲ್ಲೇ ಹುಟ್ಟಿ ಓದಿದ ಮಕ್ಕಳು ಮುಂದೆ ನಿಂತು ಈ ಕೆಲಸ ಶುರು ಮಾಡಲಿ, ಬರುವ ಹೋಳಿಗೆ ಎಲ್ಲರೂ ಊರಲ್ಲಿ ಸೇರಿದಾಗಲೇ ಮಾಡಲಿ.